ನಾಯಿ ಜೊತೆ ಬೇಕಲಕ್ಕೆ: ಮಧ್ಯಾಹ್ನ ಬೇಡ

ಮೇ ತಿಂಗಳಲ್ಲಿ ಗೆಳೆಯರು, ನಾಯಿ ಎಲ್ಲ ಸೇರಿ ದಾರಿಯಲ್ಲಿ ಕುಂಬಳೆ ನೋಡಿಕೊಂಡು ಕಾಸರಗೋಡಿನ ಬೇಕಲ ಕೋಟೆಗೆ ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಮಂಗಳೂರಿನಿಂದ ಬೆಳಿಗ್ಗೆ 5ಕ್ಕೇ ಹೊರಡಿ, ನಮ್ಮ ಕಡೆ ಸೆಕೆ ಜಾಸ್ತಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ತಣ್ಣಗಾಗಬೇಕು, ಕರಾವಳಿಯ ತೇವದ ಗಾಳಿಯಲ್ಲಿ ಅದೂ ಕಷ್ಟ. ಕಿಟಕಿ ತೆರೆದಿಟ್ಟರೂ ಕಾರಿನಲ್ಲಿ ಒಂದನ್ನೇ ಬಿಡಬೇಡಿ. ಬಿಸಿಲಿಗೆ ಮುರಕಲ್ಲಿನ ನೆಲ ಕಾದರೆ ನಾಯಿಯ ಪಾದ ಸುಡುತ್ತದೆ. ನೆಲದ ಮೇಲೆ ನಿಮ್ಮ ಅಂಗೈಯನ್ನು 5 ಸೆಕೆಂಡ್ ಇಡಲು ಆಗದಿದ್ದರೆ ನಾಯಿಯನ್ನು ನಡೆಸಬೇಡಿ. ಒಬ್ಬರು ನೆರಳಲ್ಲಿ ನಾಯಿ ಜೊತೆ ಇರಿ, ಉಳಿದವರು ಕೋಟೆ ನೋಡಿ ಬನ್ನಿ.

ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಗೂ ಹೋಗುತ್ತೀರಿ ಅಲ್ವಾ? ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರಲ್ಲಿ ತೀರಿಕೊಂಡಿತು. ಅಲ್ಲಿ ನಿಂತರೆ ಈಗಲೂ ನನ್ನ ಕಣ್ಣು ನೀರಿನಲ್ಲಿ ಅದನ್ನೇ ಹುಡುಕುತ್ತದೆ.