ಹಿತ್ತಲ ಮಾತು: ಒಣಗಿದ ಹುಲ್ಲನ್ನು ಈಗಲೇ ಕೊಯ್ಯಬೇಡಿ

ಪ್ರಶ್ನೆ: ನಮಸ್ಕಾರ ಅಕ್ಕ. ಮೂರು ವರ್ಷದ ಹಿಂದೆ ನಾವು ಮನೆ ಕೊಂಡಾಗ ಹಿತ್ತಲಲ್ಲಿ ಅಲಂಕಾರದ ಹುಲ್ಲಿನ ಆರು ಬುಡಗಳಿದ್ದವು. ಬೇಸಿಗೆಯಲ್ಲಿ ಚೆನ್ನಾಗಿರುತ್ತವೆ. ಈಗ ನವೆಂಬರ್, ಎಲ್ಲ ಒಣಗಿ ನಿಂತಿವೆ. ಹಿಮ ಬೀಳುವ ಮೊದಲೇ ಕತ್ತರಿಸಿಬಿಡೋಣ ಅಂತ ನಮ್ಮವರು. ಹಾಸನದಿಂದ ಬಂದಿರುವ ಅತ್ತೆ, "ದನ ಇಲ್ಲದ ಮನೇಲಿ ಒಣಹುಲ್ಲು ಯಾಕಮ್ಮ?" ಅಂತ ಕೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ನೇಪರ್‌ವಿಲ್, ಇಲಿನಾಯ್

ಉತ್ತರ: ಕತ್ತರಿಯನ್ನು ಗ್ಯಾರೇಜಿನಲ್ಲೇ ಇಡಿ. ಮಾರ್ಚ್‌ವರೆಗೆ ಅದರ ಕೆಲಸವಿಲ್ಲ.

ನಿಮ್ಮತ್ತೆಯವರ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅವರಿಗೆ ಈ ಹುಲ್ಲು ಹೊಸದಲ್ಲ. ನಾನು ಮಂಡ್ಯದ ಕಡೆಯವಳು. ಧನುರ್ಮಾಸ ಹತ್ತಿರ ಬಂದಾಗ ನಮ್ಮ ಕಬ್ಬಿನ ಗದ್ದೆಯಲ್ಲಿ ಸೂಲಂಗಿ, ಅಂದರೆ ಕಬ್ಬಿನ ಹೂ, ಎದ್ದಿರುತ್ತಿತ್ತು. ಅಪ್ಪನಿಗೆ ಅದನ್ನು ಕಂಡರೆ ಕಡಿಯುವುದು ತಡವಾಯಿತೆಂಬ ಚಿಂತೆ. ನಾನು ಮಾತ್ರ ಸಂಜೆ ಬದುವಿನ ಮೇಲೆ ನಿಂತು, ಬಿಸಿಲು ಹಿಂದಿನಿಂದ ಬಿದ್ದು ಆ ಬೆಳ್ಳಿ ಗರಿಗಳು ಹೊಳೆಯುವುದನ್ನು ನೋಡುತ್ತಿದ್ದೆ. ಇಲ್ಲಿಗೆ ಬಂದ ಮೊದಲ ವರ್ಷ ಯಾರದೋ ಮನೆಯ ಮುಂದೆ ಮಿಸ್ಕ್ಯಾಂಥಸ್ ಹುಲ್ಲು ಕಂಡು ಕಾಲು ಅಲ್ಲೇ ನಿಂತಿತು. ಅದೇ ಸೂಲಂಗಿ! ಆಮೇಲೆ ಓದಿ ತಿಳಿದೆ, ಅದು ಕಬ್ಬಿಗೆ ತೀರಾ ಹತ್ತಿರದ ನೆಂಟನಂತೆ. ಅತ್ತೆಯವರಿಗೆ ಇಷ್ಟು ಹೇಳಿ, ಅವರೇ ನಿಮ್ಮ ಪರ ನಿಲ್ಲುತ್ತಾರೆ.

ನೀವು ಕಳಿಸಿದ ಚಿತ್ರದಲ್ಲಿ ಎರಡು ಬಗೆ ಕಾಣುತ್ತಿವೆ. ಬೇಲಿಯ ಪಕ್ಕ ಈಟಿ ನೆಟ್ಟಂತೆ ನೇರ ನಿಂತ, ಗೋಧಿ ಬಣ್ಣದ ತೆನೆಯದು 'ಕಾರ್ಲ್ ಫೋರ್ಸ್ಟರ್'. ಜರ್ಮನಿಯ ಪಾಟ್ಸ್‌ಡ್ಯಾಮ್ ಬಳಿ ತೋಟ ಮಾಡಿಕೊಂಡಿದ್ದ ಸಸ್ಯಪ್ರೇಮಿಯೊಬ್ಬರ ಹೆಸರು ಅದು. ಮುಂದಿನ ನಾಲ್ಕು, ಮೊಣಕಾಲೆತ್ತರದವು, ಲಿಟಲ್ ಬ್ಲೂಸ್ಟೆಮ್. ಇದು ಪ್ರೇರಿ ಎಂಬ ಇಲ್ಲಿನ ಹುಲ್ಲುಗಾವಲಿನ ನೆಲದ್ದೇ ಮಗು. ಬೇಸಿಗೆಯಲ್ಲಿ ನೀಲಿ ಬೆರೆತ ಹಸಿರು, ಈಗ ತಾಮ್ರದ ಬಣ್ಣ. ನೇರಳೆ ಹಣ್ಣಿಗೆ ಬಣ್ಣ ಕೊಡುವ ಆಂಥೋಸಯನಿನ್ ಇದರ ಕಡ್ಡಿಯಲ್ಲೂ ಇದೆ. ಇದನ್ನು "ಒಣಗಿ ಕಂದಾಗಿದೆ" ಅಂದುಬಿಡಲು ನನಗೆ ಮನಸ್ಸು ಬರುವುದಿಲ್ಲ. ಬೆಳಿಗ್ಗೆ ಇಬ್ಬನಿ ಕೂತಾಗ ಒಂದು ಬಣ್ಣ, ಮಳೆ ಬಿದ್ದು ಒದ್ದೆಯಾದಾಗ ಕೆಂಪು ಇನ್ನೂ ಗಾಢ, ಸಂಜೆಗೆ ಬೇರೆಯೇ.

ಒಂದು ಕೆಲಸ ಮಾಡಿ. ನವೆಂಬರಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಟ್ಟ ಮೇಲೆ ನಮ್ಮಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ಮೂರೂಮುಕ್ಕಾಲಿಗೆ ಕಾಫಿ ಲೋಟ ಹಿಡಿದು, ಹುಲ್ಲು ನಿಮಗೂ ಸೂರ್ಯನಿಗೂ ನಡುವೆ ಬರುವ ಹಾಗೆ ನಿಲ್ಲಿ. ಬ್ಲೂಸ್ಟೆಮ್ ಬೀಜಕ್ಕೆ ಸಣ್ಣ ಬಿಳಿ ರೋಮಗಳಿರುತ್ತವೆ, ಪ್ರತಿಯೊಂದೂ ಬೆಳಕು ಹಿಡಿದುಕೊಳ್ಳುತ್ತದೆ. ಸೂರ್ಯ ಬೆನ್ನ ಹಿಂದಿದ್ದರೆ ಇದರಲ್ಲಿ ಅರ್ಧವೂ ಕಾಣುವುದಿಲ್ಲ. ಎಷ್ಟೋ ಮನೆಗಳಲ್ಲಿ ಹುಲ್ಲನ್ನು ತಪ್ಪು ದಿಕ್ಕಿಗೆ ನೆಟ್ಟು, ಚೆನ್ನಾಗಿಲ್ಲ ಅಂತ ಕಿತ್ತು ಹಾಕುತ್ತಾರೆ. ನನಗೆ ಸಂಕಟವಾಗುತ್ತದೆ.

ನಿಮ್ಮವರನ್ನು ಒಪ್ಪಿಸಬೇಕೆಂದರೆ ಒಂದು ಭಾನುವಾರ ಷಿಕಾಗೋದ ಮಿಲೇನಿಯಂ ಪಾರ್ಕಿಗೆ ಕರೆದುಕೊಂಡು ಹೋಗಿ. ಅಲ್ಲಿ 2004ರಲ್ಲಿ ತೆರೆದ ಲೂರಿ ಗಾರ್ಡನ್ ಇದೆ, ಟಿಕೆಟ್ ಇಲ್ಲ. ಯಾವ ಗಿಡ ಎಲ್ಲಿ ಎಂದು ಯೋಜಿಸಿದವರು ಡಚ್ ತೋಟಗಾರ ಪೀಟ್ ಔಡೋಲ್ಫ್. ಚಳಿಗಾಲದಲ್ಲೂ ಅಲ್ಲಿ ಹುಲ್ಲು, ಒಣಗಿದ ಹೂದಂಟು ಎಲ್ಲ ಹಾಗೇ ನಿಂತಿರುತ್ತವೆ.

ಬಿಡಬೇಕಾದದ್ದು ಅಂದಕ್ಕಷ್ಟೇ ಅಲ್ಲ. ಉತ್ತರದಿಂದ ಚಳಿಗಾಲ ಕಳೆಯಲು ಬರುವ ಜುಂಕೊ ಎಂಬ ಬೂದು ಬಣ್ಣದ ಪುಟ್ಟ ಹಕ್ಕಿಗಳು ಈ ಬೀಜ ತಿನ್ನುತ್ತವೆ. ಹಿಮ ಬಿದ್ದಾಗ ಅವಕ್ಕೆ ಆ ಬುಡವೇ ಮರೆ. ಇನ್ನು ಬುಡದ ಮಾತು: ನನ್ನ ಮೊದಲ ತೋಟದಲ್ಲಿ ನವೆಂಬರಿನಲ್ಲೇ ಎಲ್ಲವನ್ನೂ ನೆಲಮಟ್ಟಕ್ಕೆ ಕೊಯ್ದುಬಿಟ್ಟಿದ್ದೆ. ತಗ್ಗಿನಲ್ಲಿದ್ದ ಎರಡು ಬುಡಗಳಿಗೆ ಹಿಮ ಕರಗಿದ ನೀರು ಇಳಿದು ಕೊಳೆತು, ಮತ್ತೆ ಚಿಗುರಲೇ ಇಲ್ಲ. ಆ ಖಾಲಿ ಜಾಗ ನೋಡುತ್ತ ಇಡೀ ಬೇಸಿಗೆ ಕಳೆದೆ.

ಕೊಯ್ಯುವುದು ಯಾವಾಗ? ಕಾರ್ಲ್ ಫೋರ್ಸ್ಟರ್ ತಂಪಿನಲ್ಲೇ ಚಿಗುರುತ್ತದೆ, ಆದ್ದರಿಂದ ಅದಕ್ಕೆ ಮಾರ್ಚ್ ಮೊದಲ ವಾರ. ಬ್ಲೂಸ್ಟೆಮ್ ನಮ್ಮ ರಾಗಿ, ಕಬ್ಬಿನ ಹಾಗೆ ನೆಲ ಬಿಸಿಯಾದ ಮೇಲೆ ಏಳುವಂಥದ್ದು. ಅದನ್ನು ಮಾರ್ಚ್ ಕೊನೆಗೆ ಕೊಯ್ಯಿರಿ. ಮೇ ಬರುವ ತನಕ ಹಸಿರು ಕಾಣದಿದ್ದರೂ ಸತ್ತಿತೆಂದು ಹೆದರಬೇಡಿ. ಕೊಯ್ಯುವ ಮೊದಲು ಹುಲ್ಲಿನ ನಡುಭಾಗಕ್ಕೆ ಸೆಣಬಿನ ಹುರಿ ಸುತ್ತಿ ಬಿಗಿಯಾಗಿ ಕಟ್ಟಿ, ನಾಲ್ಕೈದು ಇಂಚು ಬುಡ ಬಿಟ್ಟು ಕತ್ತರಿಸಿ. ಸಿವುಡು ಹಾಗೇ ಕೈಗೆ ಬರುತ್ತದೆ, ಅಂಗಳವೆಲ್ಲ ಹರಡುವುದಿಲ್ಲ. ಇದನ್ನು ನಿಮ್ಮತ್ತೆಯವರ ಕೈಗೇ ಕೊಡಿ, ಕಟ್ಟು ಹಾಕುವುದು ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಹುಲ್ಲು ಗೋಡೆಗೆ ಅಥವಾ ಹೊರಗೆ ಅಡುಗೆ ಮಾಡುವ ಗ್ರಿಲ್ಲಿಗೆ ತಾಗಿದ್ದರೆ ಮಾತ್ರ ಅದನ್ನು ಈಗಲೇ ತೆಗೆಯಿರಿ, ಬೆಂಕಿಯ ಭಯ.

ಇನ್ನಷ್ಟು ನೆಡುವ ಆಸೆಯಿದ್ದರೆ ವಸಂತದಲ್ಲಿ ಪ್ರೇರಿ ಡ್ರಾಪ್‌ಸೀಡ್ ತನ್ನಿ. ಮಿಸ್ಕ್ಯಾಂಥಸ್ ನನಗೆಷ್ಟೇ ಪ್ರೀತಿಯಿದ್ದರೂ ಬೇಡ ಎನ್ನುತ್ತೇನೆ, ಬೀಜ ಹಾರಿ ಪೂರ್ವದ ರಾಜ್ಯಗಳಲ್ಲಿ ರಸ್ತೆಬದಿ, ಕಾಡಂಚು ಹಿಡಿದುಬಿಟ್ಟಿದೆ. ಡ್ರಾಪ್‌ಸೀಡ್ ಹಾಗಲ್ಲ. ಕೂದಲೆಳೆಯಂಥ ಎಲೆ, ಫಾಲ್‌ನಲ್ಲಿ ಹೊನ್ನಿನ ಬಣ್ಣ. ಆಗಸ್ಟ್ ಹೊತ್ತಿಗೆ ಹೂಬಿಟ್ಟಾಗ ಬಗ್ಗಿ ಮೂಸಿ ನೋಡಿ, ಕೊತ್ತಂಬರಿಯ ವಾಸನೆ ಬರುತ್ತದೆ.