ಕೇಳಿ, ಹೇಳ್ತೀವಿ: ಅಮೆರಿಕದ ಕಾಕ್‌ಟೇಲ್ ಬಾರ್‌ಗಳು

ಪ್ರಶ್ನೆ: ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಬೇಸಿಗೆಯಲ್ಲಿ ಹೋಗುತ್ತಿದ್ದೇವೆ. ನ್ಯೂಯಾರ್ಕಿನಲ್ಲಿ ಮೆನು ಕಾರ್ಡೇ ಕೊಡದ ಬಾರ್ ಒಂದಿದೆಯಂತೆ. ಅಲ್ಲಿ ಏನಂತ ಕೇಳಬೇಕು? – ಒಬ್ಬ ಓದುಗರು, ವಿನೋಬನಗರ, ಶಿವಮೊಗ್ಗ

ಅದು ಅಟ್ಟಾಬಾಯ್. ವಿಳಾಸ 134, ಎಲ್ಡ್ರಿಜ್ ಸ್ಟ್ರೀಟ್, ಲೋಯರ್ ಈಸ್ಟ್ ಸೈಡ್. ಮೊದಲು ಇದೇ ಜಾಗದಲ್ಲಿ ಸಾಶಾ ಪೆಟ್ರಾಸ್ಕೆ ಅವರ ‘ಮಿಲ್ಕ್ ಅಂಡ್ ಹನಿ’ ಇತ್ತು. 1999ರ ಕೊನೆಗೆ ಶುರುವಾದ ಆ ಪುಟ್ಟ ಬಾರಿನ ಪದ್ಧತಿಗಳನ್ನು ಆಮೇಲೆ ಬೇರೆ ಊರಿನವರೂ ಹಿಡಿದರು: ಅಳೆದೇ ಸುರಿಯುವುದು, ಆಗಷ್ಟೇ ಹಿಂಡಿದ ರಸ, ದಪ್ಪ ಐಸ್, ಗಲಾಟೆ ಮಾಡುವವರಿಗೆ ಜಾಗವಿಲ್ಲ. ಅಲ್ಲಿ ಕೆಲಸ ಮಾಡಿದ ಸ್ಯಾಮ್ ರಾಸ್, ಮೈಕೆಲ್ ಮೆಕಿಲ್‌ರಾಯ್ ಇಬ್ಬರೂ ಸೇರಿ ಶುರುಮಾಡಿದ್ದು ಅಟ್ಟಾಬಾಯ್.

ಮೆನು ಇಲ್ಲದ ಕಡೆ “ಏನಾದ್ರೂ ಕೊಡಿ” ಅಂದರೆ ಇಬ್ಬರಿಗೂ ಕಷ್ಟ. ಮೂರು ವಿಷಯ ಹೇಳಿ: ಯಾವ ಮದ್ಯ (ವಿಸ್ಕಿ, ಜಿನ್, ರಮ್), ಹುಳಿ ಬೇಕೋ ಖಡಕ್ಕಾಗಿರಬೇಕೋ, ಯಾವುದು ಬೇಡವೇ ಬೇಡ. “ವಿಸ್ಕಿ, ಹುಳಿ, ಸಿಹಿ ಕಮ್ಮಿ, ಮೊಟ್ಟೆ ಬೇಡ” ಅಂದರೆ ಸಾಕು. ಮೊಟ್ಟೆಯ ಮಾತು ಮರೆಯಬೇಡಿ. ಹುಳಿ ಕಾಕ್‌ಟೇಲ್‌ಗಳಲ್ಲಿ ನೊರೆಗಾಗಿ ಹಸಿ ಮೊಟ್ಟೆಯ ಬಿಳಿ ಹಾಕುವುದು ಮಾಮೂಲು. ಬಾಯಿಗೆ ಜ್ಯೂಸಿನ ಹಾಗೆ ಹತ್ತಿದರೂ ಒಂದು ಗ್ಲಾಸಿನಲ್ಲಿ ಸಾಮಾನ್ಯವಾಗಿ 60 ಮಿ.ಲೀ. ಮದ್ಯ ಇರುತ್ತದೆ, ಅಂದರೆ ನಮ್ಮ ಲಾರ್ಜ್ ಪೆಗ್. ಎರಡಕ್ಕೆ ನಿಲ್ಲಿಸುವುದು ಒಳ್ಳೆಯದು.

ಪ್ರಶ್ನೆ: ಟಿಪ್ಸ್ ಎಷ್ಟು ಕೊಡಬೇಕು? ಗುರುತಿನ ಚೀಟಿ ಕೇಳುತ್ತಾರಾ? – ಒಬ್ಬ ಓದುಗರು, ಭದ್ರಾವತಿ

ಕೇಳುತ್ತಾರೆ, ತಲೆ ನರೆತಿದ್ದರೂ ಕೇಳಬಹುದು. 21 ತುಂಬಿರಬೇಕು. ಆಧಾರ್ ಕಾರ್ಡನ್ನೋ ಮೊಬೈಲಿನಲ್ಲಿರುವ ಫೋಟೋವನ್ನೋ ನಂಬಿಕೊಂಡು ಹೋಗಬೇಡಿ, ಅಸಲಿ ಪಾಸ್‌ಪೋರ್ಟ್ ಇಟ್ಟುಕೊಳ್ಳಿ.

ಟಿಪ್ಸ್ 20 ಪರ್ಸೆಂಟ್ ಲೆಕ್ಕ ಹಿಡಿಯಿರಿ. ಮೆನುವಿನಲ್ಲಿ 20 ಡಾಲರ್ ಅಂತಿದ್ದರೆ ನ್ಯೂಯಾರ್ಕ್ ನಗರದ ತೆರಿಗೆ 8.875 ಪರ್ಸೆಂಟ್, ಅಂದರೆ 1.78. ಟಿಪ್ಸ್ 4. ಒಟ್ಟು ಕೈಯಿಂದ ಹೋಗುವುದು ಸುಮಾರು 26 ಡಾಲರ್. ಕಾರ್ಡ್ ಕೊಟ್ಟು ‘ಟ್ಯಾಬ್’ (ಕೊನೆಗೆ ಒಟ್ಟಿಗೆ ತೀರಿಸುವ ಲೆಕ್ಕ) ತೆರೆದಿದ್ದರೆ ಎದ್ದು ಬರುವ ಮುಂಚೆ ಮುಚ್ಚಿಸಿ. ಮರೆತರೆ ಟಿಪ್ಸನ್ನು ಅವರೇ ಸೇರಿಸಿಕೊಳ್ಳುವ ಬಾರ್‌ಗಳೂ ಇವೆ.

ಪ್ರಶ್ನೆ: ಬಾರಿನೊಳಗೇ ಮಳೆ ಬರುತ್ತದಂತೆ, ನಿಜವೇ? – ಒಬ್ಬ ಓದುಗರು, ಆಗುಂಬೆ

ನಿಜ. ಸ್ಯಾನ್ ಫ್ರಾನ್ಸಿಸ್ಕೋದ ಫೇರ್‌ಮಾಂಟ್ ಹೋಟೆಲಿನ ಟೊಂಗಾ ರೂಮ್. ಹೋಟೆಲಿನ ಹಳೆಯ ಈಜುಕೊಳವನ್ನು 1945ರಲ್ಲಿ ಬಾರ್ ಮಾಡಿದರು. ಕೊಳ ಹಾಗೇ ಇದೆ, ಸಂಗೀತದವರು ಅದರ ಮೇಲೆ ತೇಲುವ ದೋಣಿಯಲ್ಲಿ ಕೂತು ನುಡಿಸುತ್ತಾರೆ; ಆಗಾಗ ಗುಡುಗಿನ ಸದ್ದು ಮಾಡಿ ಮೇಲಿನಿಂದ ನೀರು ಸುರಿಸುತ್ತಾರೆ. ಆಗುಂಬೆಯವರು ಡಾಲರ್ ತೆತ್ತು ಮಳೆ ನೋಡಬೇಕಾ ಎಂಬುದು ನಿಮಗೆ ಬಿಟ್ಟಿದ್ದು. ಅದೇ ಊರಲ್ಲಿ ರಮ್ಮಿಗಾಗಿಯೇ ಹೋಗುವುದಾದರೆ ಸ್ಮಗ್ಲರ್ಸ್ ಕೋವ್ ಇದಕ್ಕಿಂತ ವಾಸಿ.

ಪ್ರಶ್ನೆ: ನ್ಯೂ ಆರ್ಲಿಯನ್ಸಿನ ತಿರುಗುವ ಬಾರಿನಲ್ಲಿ ಕೂತರೆ ತಲೆ ಸುತ್ತುವುದಿಲ್ಲವೇ? – ಒಬ್ಬ ಓದುಗರು, ತೀರ್ಥಹಳ್ಳಿ

ಹೋಟೆಲ್ ಮಾಂಟೆಲಿಯೋನ್‌ನ ಕ್ಯಾರೊಸೆಲ್ ಬಾರ್ 1949ರಿಂದ ಸುತ್ತುತ್ತಿದೆ. ಒಂದು ಸುತ್ತಿಗೆ 15 ನಿಮಿಷ, ಹಾಗಾಗಿ ತಲೆ ಸುತ್ತಿದರೆ ತಪ್ಪು ಗ್ಲಾಸಿನದು. 25 ಸೀಟಿನ ಬಾರನ್ನು ಉಕ್ಕಿನ ರೋಲರ್‌ಗಳ ಮೇಲೆ ತಿರುಗಿಸುವುದು ಕಾಲು ಎಚ್‌ಪಿ ಮೋಟರ್. ನಮ್ಮ ಮನೆಗಳ ಬಾವಿಗೆ ಇಳಿಸುವ ಪಂಪೇ ಅದಕ್ಕಿಂತ ದೊಡ್ಡದು. ತಿರುಗುವುದು ಕಟ್ಟೆ ಮತ್ತು ಸೀಟು ಮಾತ್ರ. ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದವರು ಐದು ನಿಮಿಷದಲ್ಲಿ ಮೂರನೇ ಒಂದು ಸುತ್ತು ಹಿಂದೆ ಉಳಿದಿರುತ್ತಾರೆ. ಬ್ಯಾಗನ್ನು ತೊಡೆಯ ಮೇಲೇ ಇಟ್ಟುಕೊಳ್ಳಿ. ಕುಡಿಯುವುದಾದರೆ ಈ ಹೋಟೆಲಿನಲ್ಲೇ ಹುಟ್ಟಿದ ‘ವ್ಯೂ ಕಾರೇ’ ಕೇಳಿ.

ಪ್ರಶ್ನೆ: ನಮ್ಮದು ಶುಂಠಿ ಬೆಳೆ. ಶುಂಠಿ, ಜೇನು ಹಾಕುವ ಪ್ರಸಿದ್ಧ ಕಾಕ್‌ಟೇಲ್ ಇದೆಯಂತಲ್ಲ, ಮನೆಯಲ್ಲಿ ಮಾಡಿದೆ, ಜೇನು ಗಟ್ಟಿಯಾಗಿ ತಳದಲ್ಲಿ ಕೂತಿತು. – ಒಬ್ಬ ಓದುಗರು, ಸಾಗರ

ಹೆಸರು ಪೆನಿಸಿಲಿನ್. ಮೇಲೆ ಹೇಳಿದ ಸ್ಯಾಮ್ ರಾಸ್ 2005ರಲ್ಲಿ ಮಿಲ್ಕ್ ಅಂಡ್ ಹನಿಯಲ್ಲಿ ಮಾಡಿದ್ದು. ನೀವು ಜೇನನ್ನು ನೇರವಾಗಿ ಐಸಿಗೆ ಹಾಕಿದ್ದೀರಿ. ತಣ್ಣಗಾದ ತಕ್ಷಣ ಅದು ಹೆಪ್ಪುಗಟ್ಟುತ್ತದೆ. ಮೊದಲು ಪಾಕ ಮಾಡಿಕೊಳ್ಳಬೇಕು.

ಜೇನು 150 ಗ್ರಾಂ, ನೀರು 100 ಮಿ.ಲೀ., ತೆಳ್ಳಗೆ ಹೆಚ್ಚಿದ ಹಸಿ ಶುಂಠಿ 60 ಗ್ರಾಂ. ಸಣ್ಣ ಉರಿಯಲ್ಲಿ ಐದು ನಿಮಿಷ, ಮುಚ್ಚಿ ಒಂದು ರಾತ್ರಿ ಫ್ರಿಜ್ಜಿನಲ್ಲಿ, ಬೆಳಿಗ್ಗೆ ಸೋಸಿ. ಅಮೆರಿಕದವರು ಜೇನು, ನೀರು ಸಮಸಮ ಹಾಕುವುದುಂಟು. ನಮ್ಮ ತುಡುವೆ ಜೇನು ಮೊದಲೇ ನೀರು ನೀರು, ಅದಕ್ಕೆ ನೀರು ಕಮ್ಮಿ ಹೇಳಿದ್ದು.

ಶೇಕರಿಗೆ ಸ್ಕಾಚ್ 60 ಮಿ.ಲೀ., ಈ ಪಾಕ 20, ನಿಂಬೆರಸ 18. ಅಲ್ಲಿನ ಹಳದಿ ಲೆಮನ್ ಆದರೆ 22 ಬೇಕಿತ್ತು, ನಮ್ಮ ನಿಂಬೆ ಹೆಚ್ಚು ಹುಳಿ. ಐಸ್ ತುಂಬಿ 12 ಸೆಕೆಂಡ್ ಜೋರಾಗಿ ಕುಲುಕಿ. ಹೊರಗೆ ಬೆವರಿದರೆ ಆಯಿತು ಅನ್ನುತ್ತಾರೆ. ಮಳೆಗಾಲದ ಮಲೆನಾಡಿನಲ್ಲಿ ಐಸ್ ಹಾಕಿದೊಡನೆ ಬೆವರುತ್ತದೆ, ಅದನ್ನು ನಂಬಬೇಡಿ, ಕೈ ಮರಗಟ್ಟುವಷ್ಟು ತಣ್ಣಗಾಗಬೇಕು. ಗ್ಲಾಸಿನಲ್ಲಿ ಒಂದೇ ದೊಡ್ಡ ಐಸ್ ಗಡ್ಡೆಯ ಮೇಲೆ ಸೋಸಿ. ಆ ಗಡ್ಡೆಯನ್ನು ಮುಚ್ಚಳವಿರುವ ಡಬ್ಬಿಯಲ್ಲೇ ಕಟ್ಟಿಸಿ, ಇಲ್ಲದಿದ್ದರೆ ಫ್ರೀಜರಿನ ಮೀನಿನ ವಾಸನೆ ಪಾನೀಯಕ್ಕೆ ಬರುತ್ತದೆ.

ಕೊನೆಗೆ ಸ್ಕಾಟ್ಲೆಂಡಿನ ಐಲಾ ದ್ವೀಪದ ಹೊಗೆ ವಾಸನೆಯ ವಿಸ್ಕಿ 7 ಮಿ.ಲೀ., ಚಮಚದ ಬೆನ್ನಿನ ಮೇಲಿಂದ ನಿಧಾನಕ್ಕೆ. ಅದು ಮೇಲೇ ತೇಲಬೇಕು. ಶೇಕರಿಗೇ ಸುರಿದರೆ ಹೊಗೆಯೆಲ್ಲ ಶುಂಠಿಯಲ್ಲಿ ಮುಳುಗಿಹೋಗುತ್ತದೆ. ಐಲಾ ಬಾಟಲಿ ದುಬಾರಿ ಅನ್ನಿಸಿದರೆ ಬೆಂಗಳೂರಿನ ಅಮೃತ್ ಪೀಟೆಡ್ ಆದೀತು. ಸ್ಕಾಚ್ ಬದಲು ಇಲ್ಲಿನ ಅಗ್ಗದ ವಿಸ್ಕಿ ಬಳಸುವುದಾದರೆ ಪಾಕ 15ಕ್ಕೆ ಇಳಿಸಿ. ಅವುಗಳಲ್ಲಿ ಬಹಳಷ್ಟಕ್ಕೆ ಕಾಕಂಬಿಯ ಸ್ಪಿರಿಟ್ ಸೇರಿರುತ್ತದೆ, ಸಿಹಿ ಮುಂದಾಗುತ್ತದೆ.