ಕೋರ್ಸಿನ ಮಾತು ಆಮೇಲೆ, ಮೊದಲು ನೀವು ಕಟ್ಟಿಸಿದ್ದರ ಲೆಕ್ಕ ಬರೆಸಿಕೊಳ್ಳಿ

ಪಿಎಂಪಿಯೂ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಸರ್ಟಿಫಿಕೇಟ್) ಬೇಡ, ಸೇಫ್ಟಿ ಡಿಪ್ಲೊಮಾವೂ ಬೇಡ. ಈಗಂತೂ ಬೇಡ. ನೀವು ಸೇನೆಯ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನಲ್ಲಿ ನಾಯಬ್ ಸುಬೇದಾರ್, ಸೇನೆಯ ಕಟ್ಟಡ ಕೆಲಸ ನೋಡುವ ಎಂಇಎಸ್‌ನಲ್ಲಿ ಬಿಆರ್ (ಕಟ್ಟಡ ಮತ್ತು ರಸ್ತೆ) ಸೂಪರ್‌ವೈಸರ್, ನಿವೃತ್ತಿಗೆ ಇನ್ನೊಂದು ವರ್ಷ, ಊರು ಸಿರ್ಸಿ ಕಡೆ. ಬೆಂಗಳೂರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗೋಕೆ ಇವೆರಡರಲ್ಲಿ ಯಾವುದು ಮಾಡಲಿ ಅಂತ ಕೇಳಿದ್ದೀರಿ. ನಾನೂ ಅದೇ ಕೆಲಸದಿಂದ ಹೊರಬಂದು ಈಗ ಕುಮಟಾ, ಕಾರವಾರ ಕಡೆ ಗುತ್ತಿಗೆದಾರರಿಗೆ ಬಿಲ್ಲಿಂಗ್ ಮತ್ತು ಕ್ವಾಲಿಟಿ ನೋಡಿಕೊಳ್ಳುವವನು. ಹಾಗಾಗಿ ನೀವು ಕೇಳಿದ್ದಕ್ಕಿಂತ ಕೇಳದೇ ಬಿಟ್ಟಿದ್ದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಹೊರಗೆ ಬರುವ ನಮ್ಮವರಿಗೆಲ್ಲ, ನನಗೂ ಸೇರಿ, ದುಬಾರಿಯಾಗುವ ತಪ್ಪು ಒಂದೇ. ಏನು ಕಟ್ಟಿಸಿದೆವು, ಎಷ್ಟು ಕಟ್ಟಿಸಿದೆವು ಅನ್ನುವುದಕ್ಕೆ ಸಹಿ ಇರುವ ಒಂದು ಹಾಳೆಯೂ ಇಲ್ಲದೆ ಗೇಟು ದಾಟುವುದು. ಡಿಸ್ಚಾರ್ಜ್ ಬುಕ್ಕಿನಲ್ಲಿ ಹುದ್ದೆ, ಟ್ರೇಡ್, ಸೇವಾ ಅವಧಿ, ನಡತೆ ಇರುತ್ತವೆ. ಕಾಂಕ್ರೀಟ್ ಎಷ್ಟು, ಸ್ಟೀಲ್ ಎಷ್ಟು, ಯಾವ ತರಹದ ಕಟ್ಟಡ ಅನ್ನುವುದು ಅಲ್ಲಿ ಇರುವುದಿಲ್ಲ. ಸಂದರ್ಶನದಲ್ಲಿ ಕೇಳುವುದು ಅದನ್ನೇ. ‘ಇಪ್ಪತ್ತು ವರ್ಷ ಕನ್‌ಸ್ಟ್ರಕ್ಷನ್ ಸೂಪರ್‌ವಿಷನ್’ ಅಂತ ಬರೆದ ಬಯೋಡಾಟಾ ನೋಡಿದ ಕಂಪನಿಯವರಿಗೆ ನೀವು ಕಾವಲಿಗೆ ನಿಂತವರೋ ಕಾಲಂ ಅಳೆದವರೋ ತಿಳಿಯುವುದಿಲ್ಲ. ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸ ಇದೆ, ಮಾಡ್ತೀರಾ ಅನ್ನುತ್ತಾರೆ. ಆಮೇಲೆ ಯೂನಿಟ್ಟಿಗೆ ಕಾಗದ ಬರೆದರೆ ಪ್ರಯೋಜನ ಕಡಿಮೆ. ನಿಮ್ಮ ಕೆಲಸ ಕಣ್ಣಾರೆ ಕಂಡ ಗ್ಯಾರಿಸನ್ ಎಂಜಿನಿಯರ್ (ಎಂಇಎಸ್ ಕಚೇರಿಯ ಮುಖ್ಯಸ್ಥರು) ಅಷ್ಟರಲ್ಲಿ ವರ್ಗವಾಗಿರುತ್ತಾರೆ, ಬಂದವರಿಗೆ ನಿಮ್ಮ ಹೆಸರೂ ಗೊತ್ತಿರುವುದಿಲ್ಲ.

ಆದ್ದರಿಂದ ಈಗಲೇ, ಸಮವಸ್ತ್ರದಲ್ಲಿರುವಾಗಲೇ, ಕೆಲಸದ ಅನುಭವದ ಪ್ರಮಾಣಪತ್ರಕ್ಕೆ ಲಿಖಿತ ಅರ್ಜಿ ಕೊಡಿ. ಕರಡು ನೀವೇ ಬರೆದುಕೊಂಡು ಹೋಗಿ. ಪ್ರತಿ ಕೆಲಸಕ್ಕೂ ಒಂದೊಂದು ಸಾಲು, ಹೀಗೆ: ಎರಡು ಅಂತಸ್ತಿನ ಆರ್‌ಸಿಸಿ ವಸತಿ ಕಟ್ಟಡ, ಒಟ್ಟು 1,280 ಚದರ ಮೀಟರ್, ಎಂ25 ದರ್ಜೆಯ ಕಾಂಕ್ರೀಟ್ 410 ಘನ ಮೀಟರ್, ಸ್ಟೀಲ್ 38 ಟನ್, ನನ್ನ ಪಾತ್ರ ಹಂತ ತಪಾಸಣೆ, ಜಂಟಿ ಅಳತೆ, ಸಿಮೆಂಟ್ ರಿಜಿಸ್ಟರ್, ಆರ್‌ಎಆರ್ (ಕೆಲಸ ನಡೆಯುತ್ತಿರುವಾಗಿನ ಕಂತಿನ ಬಿಲ್) ತಯಾರಿ. ರಸ್ತೆಯಾದರೆ ಉದ್ದ, ಅಗಲ, ಪದರಗಳ ದಪ್ಪ. ನೀರಿನ ಲೈನಾದರೆ ಪೈಪಿನ ವ್ಯಾಸ, ಉದ್ದ, ಒತ್ತಡ ಪರೀಕ್ಷೆ ಮಾಡಿಸಿದ್ದು. ಕೊನೆಗೆ ಕಚೇರಿ ಮೊಹರು, ಸಹಿ ಹಾಕಿದವರ ಹುದ್ದೆ, ದಿನಾಂಕ.

ಎಂಬಿ (ಅಳತೆ ಪುಸ್ತಕ), ಡ್ರಾಯಿಂಗ್, ಸೈಟ್ ಆರ್ಡರ್ ಬುಕ್ಕಿನ ನಕಲು ತೆಗೆದುಕೊಂಡು ಬರಬೇಡಿ, ಫೋನಿನಲ್ಲಿ ಫೋಟೊ ಕೂಡ ಬೇಡ. ಅವು ಸರ್ಕಾರದ ದಾಖಲೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತರಿಗೂ ಅನ್ವಯಿಸುತ್ತದೆ. ಸೇನಾ ಠಾಣೆಯ ಹೆಸರು, ಗಡಿಯ ಜಾಗ, ಮದ್ದುಗುಂಡಿನ ದಾಸ್ತಾನು ಕಟ್ಟಡ ಇವು ಪ್ರಮಾಣಪತ್ರದಲ್ಲೂ ಬಯೋಡಾಟಾದಲ್ಲೂ ಇರಬಾರದು. ಎಲ್ಲಿ ಅನ್ನುವುದು ಉದ್ಯೋಗದಾತನಿಗೆ ಬೇಕಾಗಿಯೂ ಇಲ್ಲ.

ಇನ್ನೊಂದು ಕಡೆ ಜನ ಎಡವುತ್ತಾರೆ. ಮೆಟ್ರಿಕ್ ಆಗಿ ಹದಿನೈದು ವರ್ಷ ಸೇವೆ ಮುಗಿದವರಿಗೆ ಸಿಗುವ ಪದವಿ ಸಮಾನತೆ ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ನಡೆಯುತ್ತದೆ, ಅದೂ ತಾಂತ್ರಿಕ ಅರ್ಹತೆ ಕಡ್ಡಾಯ ಇಲ್ಲದ ಕಡೆ ಮಾತ್ರ. ಜೂನಿಯರ್ ಎಂಜಿನಿಯರ್ ಹುದ್ದೆಗೆ ಸಿವಿಲ್ ಡಿಪ್ಲೊಮಾ ಅಥವಾ ಡಿಗ್ರಿಯೇ ಬೇಕು. ಪುಣೆಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜು ಸಿಎಂಇಯಲ್ಲಿ ಡಿಪ್ಲೊಮಾ ಮಾಡಿದ್ದರೆ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಮಾನ್ಯತೆಯ ಪತ್ರ ಎಲ್ಲ ಹುಡುಕಿ ಒಟ್ಟು ಮಾಡಿ. ಟ್ರೇಡ್ ಕೋರ್ಸ್ ಮಾತ್ರ ಆಗಿದ್ದರೆ ಅದನ್ನು ಡಿಪ್ಲೊಮಾ ಅಂತ ಬರೆಯಬೇಡಿ. ದಾಖಲೆ ಪರಿಶೀಲನೆಯ ದಿನ ಅಲ್ಲೇ ಅರ್ಜಿ ಬಿದ್ದುಹೋಗುತ್ತದೆ.

ಈಗ ಯಾವ ಕೆಲಸ ಅನ್ನುವುದಕ್ಕೆ ಬರುತ್ತೇನೆ. ಪ್ರಾಜೆಕ್ಟ್ ಮ್ಯಾನೇಜರ್ ಅನ್ನುವ ಹೆಸರಿನ ಹಿಂದೆ ಹೋಗಬೇಡಿ. ಹೊರಗೆ ಆ ಕುರ್ಚಿಯಲ್ಲಿ ಕೂತವನು ಅರ್ಧ ದಿನ ಹಣಕಾಸು, ಬ್ಯಾಂಕು, ಮಾಲೀಕರ ಜೊತೆ ಮಾತಿನಲ್ಲೇ ಕಳೆಯುತ್ತಾನೆ. ನಮಗೆ ಅದರ ಅಭ್ಯಾಸ ಇಲ್ಲ. ನಮ್ಮ ಕೈಲಿರುವುದು ಅಳತೆ ಮತ್ತು ತಪಾಸಣೆ. ಹೊರಗೆ ಅದಕ್ಕೆ ಬಿಲ್ಲಿಂಗ್, ಕ್ಯೂಎ-ಕ್ಯೂಸಿ (ಗುಣಮಟ್ಟದ ತಪಾಸಣೆ) ಅಂತ ಎರಡು ಹುದ್ದೆಗಳಿವೆ, ಎರಡಕ್ಕೂ ಒಳ್ಳೆಯ ಜನ ಸಿಗುವುದು ಕಷ್ಟ. ಆರ್‌ಎಆರ್ ಇಲ್ಲಿ ಆರ್‌ಎ ಬಿಲ್ ಆಗುತ್ತದೆ, ಡೀವಿಯೇಶನ್ ಆರ್ಡರ್ (ಒಪ್ಪಂದದ ಕೆಲಸ ಬದಲಿಸುವ ಆದೇಶ) ಎಕ್ಸ್‌ಟ್ರಾ ಐಟಂ ಅಥವಾ ವೇರಿಯೇಶನ್ ಆಗುತ್ತದೆ, ಸ್ಟೇಜ್ ಪಾಸಿಂಗ್ ರಿಜಿಸ್ಟರಿನ ಜಾಗದಲ್ಲಿ ಆರ್‌ಎಫ್‌ಐ (ತಪಾಸಣೆಗೆ ಕರೆಯುವ ಅರ್ಜಿ) ಮತ್ತು ಪೋರ್ ಕಾರ್ಡ್ (ಕಾಂಕ್ರೀಟ್ ಸುರಿಯುವ ಮೊದಲಿನ ತಪಾಸಣೆಯ ಹಾಳೆ) ಇರುತ್ತವೆ. ಎಂಇಎಸ್‌ನ ದರಪಟ್ಟಿ ಎಸ್‌ಎಸ್‌ಆರ್ ಬದಲು ಲೋಕೋಪಯೋಗಿ ಇಲಾಖೆಯ ದರಪಟ್ಟಿ ಎಸ್‌ಆರ್ ಓದಿಕೊಳ್ಳಿ. ಅಳತೆಯ ನಿಯಮಕ್ಕೆ ಭಾರತೀಯ ಮಾನಕ ಐಎಸ್ 1200. ದುಡ್ಡು ಕೊಟ್ಟು ಕಲಿಯುವುದೇ ಆದರೆ ಎಕ್ಸೆಲ್ ಮತ್ತು ಆಟೋಕ್ಯಾಡ್ ಕಲಿಯಿರಿ, ಅದೂ ಕ್ವಾಂಟಿಟಿ ತೆಗೆಯುವಷ್ಟು ಬಂದರೆ ಸಾಕು.

ಸಂದರ್ಶನದಲ್ಲಿ ಒಂದು ಸ್ಲ್ಯಾಬ್ ಡ್ರಾಯಿಂಗ್ ಮುಂದಿಟ್ಟು ಸ್ಟೀಲ್ ತೆಗೆಯಿರಿ ಅನ್ನುತ್ತಾರೆ. 6 ಮೀಟರ್ ಉದ್ದ, 4 ಮೀಟರ್ ಅಗಲ, 125 ಮಿಮೀ ದಪ್ಪ ಅಂದರೆ ಕಾಂಕ್ರೀಟ್ 3 ಘನ ಮೀಟರ್. ಅಗಲದ ದಿಕ್ಕಿಗೆ 10 ಮಿಮೀ ಸರಳು 150 ಮಿಮೀ ಅಂತರದಲ್ಲಿ: 6000ವನ್ನು 150ರಿಂದ ಭಾಗಿಸಿ ಒಂದು ಸೇರಿಸಿದರೆ 41 ಸರಳು. ಒಂದೊಂದು 4.2 ಮೀಟರ್ ಹಿಡಿದರೆ 172.2 ಮೀಟರ್. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದಾಗ ಮೀಟರಿಗೆ 0.617 ಕಿಲೊ, ಒಟ್ಟು 106 ಕಿಲೊ ಚಿಲ್ಲರೆ. ಇದನ್ನು ಕ್ಯಾಲ್ಕುಲೇಟರ್ ಹುಡುಕದೆ ಮಾಡಿ ತೋರಿಸಿದವರನ್ನು ಯಾರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಅದೇ ಡ್ರಾಯಿಂಗಿನಲ್ಲಿ ಕವರ್ (ಸರಳಿನ ಹೊರಗಿನ ಕಾಂಕ್ರೀಟಿನ ದಪ್ಪ) ಎಷ್ಟಿದೆ ನೋಡಿ. ಒಳನಾಡಿನ ಆಫೀಸಿನಲ್ಲಿ ತಯಾರಾದ ಡ್ರಾಯಿಂಗಿನಲ್ಲಿ ಸಾಮಾನ್ಯವಾಗಿ 20 ಮಿಮೀ ಇರುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಕಡಲಗಾಳಿಗೆ ತೆರೆದ ಕಾಂಕ್ರೀಟ್, ಕಾಂಕ್ರೀಟ್ ಕೆಲಸದ ಮಾನಕ ಐಎಸ್ 456:2000ರ ಪ್ರಕಾರ ತೀವ್ರ ವರ್ಗಕ್ಕೆ ಸೇರುತ್ತದೆ. ಆರ್‌ಸಿಸಿಗೆ ಕನಿಷ್ಠ ಎಂ30, ಘನ ಮೀಟರಿಗೆ ಸಿಮೆಂಟ್ ಕನಿಷ್ಠ 320 ಕಿಲೊ, ನೀರು-ಸಿಮೆಂಟ್ ಅನುಪಾತ 0.45 ಮೀರಬಾರದು, ಕವರ್ 45 ಮಿಮೀ. ತೆರೆಯ ಸಿಂಪಡಣೆ ತಾಗುವ ಕಡೆ ಎಂ35, 50 ಮಿಮೀ. ಹಾಗಂತ ಸೈಟಿನಲ್ಲೇ ದೊಡ್ಡ ಕವರ್ ಬ್ಲಾಕ್ ಇಟ್ಟುಬಿಟ್ಟರೆ ಇನ್ನೊಂದು ಅಪಾಯ: 125 ಮಿಮೀ ಸ್ಲ್ಯಾಬಿನಲ್ಲಿ ಎಫೆಕ್ಟಿವ್ ಡೆಪ್ತ್ (ಸ್ಲ್ಯಾಬಿನ ಮೇಲ್ಮೈಯಿಂದ ಸರಳಿನ ಮಧ್ಯದವರೆಗಿನ ಆಳ) 100ರಿಂದ 75 ಮಿಮೀಗೆ ಇಳಿಯುತ್ತದೆ, ಸ್ಲ್ಯಾಬಿನ ಬಲವೂ ಇಳಿಯುತ್ತದೆ. ಆದ್ದರಿಂದ ಸೆಂಟ್ರಿಂಗ್ ಏರುವ ಮೊದಲೇ ಸ್ಟ್ರಕ್ಚರಲ್ ಎಂಜಿನಿಯರಿಗೆ ಲಿಖಿತವಾಗಿ ಕೇಳಿ ಡಿಸೈನ್ ಬದಲಿಸಿಕೊಳ್ಳಬೇಕು. ಈ ಕೆಲಸ ಬಿಟ್ಟ ಬಾಲ್ಕನಿ, ಚಜ್ಜಗಳ ಸರಳು ಉಪ್ಪಿಗೆ ತುಕ್ಕು ಹಿಡಿದು ಉಬ್ಬುತ್ತದೆ, ಕೆಳಗಿನ ಕಾಂಕ್ರೀಟ್ ಚಕ್ಕೆಚಕ್ಕೆಯಾಗಿ ಬೀಳುತ್ತದೆ. ಕರಾವಳಿಯ ಯಾವ ಪೇಟೆಯಲ್ಲಾದರೂ ತಲೆ ಎತ್ತಿ ನೋಡಿದರೆ ಕಾಣುತ್ತದೆ.

ಕಾಂಕ್ರೀಟಿನ ಬಲ ಪರೀಕ್ಷಿಸುವ ಕ್ಯೂಬಿನದೂ ಹಾಗೆಯೇ. 16ರಿಂದ 30 ಘನ ಮೀಟರ್ ಸುರಿದರೆ 3 ಸ್ಯಾಂಪಲ್, ಸ್ಯಾಂಪಲಿಗೆ 3 ಕ್ಯೂಬ್, 28 ದಿನದ್ದೇ 9 ಆಯಿತು. 7 ದಿನದ ಪರೀಕ್ಷೆಗೆ ಬೇರೆ. ಒಂದೇ ಮಿಕ್ಸರ್ ಲೋಡಿನಿಂದ ಒಂಬತ್ತು ಕ್ಯೂಬ್ ತುಂಬಿ ಮೂರು ಸ್ಯಾಂಪಲ್ ಅಂತ ಬರೆಯುವ ಸೈಟುಗಳನ್ನು ನೀವು ಖಂಡಿತ ನೋಡುತ್ತೀರಿ. ಅಲ್ಲಿ ಸಹಿ ಹಾಕಬೇಡಿ.

ಗುತ್ತಿಗೆದಾರರ ಕಡೆ ಸೇರಿದರೆ ನಿಮ್ಮ ಸಂಬಳ ಹುಟ್ಟುವುದು ಮುಚ್ಚಿಹೋಗುವ ಕೆಲಸದ ಅಳತೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಪಾಯ ತೋಡಿದರೆ ಮೇಲೆ ಮಣ್ಣು, ಕೆಳಗೆ ಗಟ್ಟಿ ಚಿರೆಕಲ್ಲು, ಕೆಲವು ಕಡೆ ಅದರಡಿ ಕಪ್ಪು ಬಂಡೆ. ಮೂರಕ್ಕೂ ದರ ಬೇರೆ. ಪದರ ಬದಲಾದ ಕೂಡಲೇ ಲೆವೆಲ್ ತೆಗೆದು, ಇಲಾಖೆಯವರನ್ನು ಕರೆಸಿ, ಜಂಟಿ ಸಹಿ ಆಗದೆ ಪಿಸಿಸಿ (ಪಾಯದ ತಳದ ಸಾದಾ ಕಾಂಕ್ರೀಟ್) ಹಾಕಬಾರದು. ಒಂದು ಮಳೆಗೆ ಗುಂಡಿ ತುಂಬಿತೆಂದರೆ ಬಂಡೆ ಎಲ್ಲಿಂದ ಶುರುವಾಗಿತ್ತು ಅಂತ ತೋರಿಸಲು ಆಗುವುದಿಲ್ಲ, ಬಿಲ್ಲಿನಲ್ಲಿ ಎಲ್ಲವೂ ಮಣ್ಣಿನ ದರಕ್ಕೆ ಹೋಗುತ್ತದೆ. ಎಕ್ಸ್‌ಟ್ರಾ ಐಟಂಗೂ ಲಿಖಿತ ಆದೇಶ ಬರುವವರೆಗೆ ಕೆಲಸ ಶುರುಮಾಡಬಾರದು. ಎಂಇಎಸ್‌ನಲ್ಲಿ ಈ ಶಿಸ್ತು ನಮಗೆ ರಕ್ತದಲ್ಲೇ ಬಂದಿರುತ್ತದೆ, ಹೊರಗಿನ ಬಹಳ ಸೈಟುಗಳಲ್ಲಿ ಅದು ಇಲ್ಲ.

ಆದರೆ ಆದೇಶ ಕೊಟ್ಟು ಕೆಲಸ ತೆಗೆಯುವ ಕ್ರಮ ಇಲ್ಲಿ ನಡೆಯುವುದಿಲ್ಲ. ಬಾರ್‌ಬೆಂಡಿಂಗ್ ತಂಡಕ್ಕೆ ಟನ್ ಲೆಕ್ಕ, ಸೆಂಟ್ರಿಂಗಿನವರಿಗೆ ಚದರ ಲೆಕ್ಕ. ಮೇಸ್ತ್ರಿಗೆ ವಾರದ ಪಾವತಿ ತಡವಾದರೆ ಸೋಮವಾರ ತಂಡ ಇನ್ನೊಂದು ಸೈಟಿನಲ್ಲಿರುತ್ತದೆ. ಅವರ ಅಳತೆಯನ್ನು ಶುಕ್ರವಾರವೇ ಮುಗಿಸಿಕೊಡಿ, ಜಗಳ ಅರ್ಧ ಕಡಿಮೆಯಾಗುತ್ತದೆ.

ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಅರ್ಗಾದ ನೌಕಾನೆಲೆ, ಕೈಗಾದ 5 ಮತ್ತು 6ನೇ ಘಟಕ, ರಾಷ್ಟ್ರೀಯ ಹೆದ್ದಾರಿ 66, ಇಂಥ ದೊಡ್ಡ ಕೆಲಸಗಳಲ್ಲಿ ದಾಖಲೆ ಇಡುವ ಜನಕ್ಕೆ ಬೆಲೆ ಇದೆ. ಭದ್ರತಾ ಪರಿಶೀಲನೆ ಇರುವ ಕಡೆ ಮಾಜಿ ಸೈನಿಕರಿಗೆ ಅದು ತೊಡಕಲ್ಲ.

ಗ್ರಾಚ್ಯುಟಿ, ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗವನ್ನು ಒಟ್ಟಿಗೆ ಪಡೆದ) ಹಣ ಹಾಕಿ ನಾಲ್ಕನೇ ದರ್ಜೆ ಗುತ್ತಿಗೆದಾರರ ಲೈಸೆನ್ಸ್ ಮಾಡಿಸಿ ಅಂತ ಊರಿನಲ್ಲಿ ಹೇಳುವವರು ಸಿಗುತ್ತಾರೆ. ಮೊದಲ ಎರಡು ವರ್ಷ ಕಿವಿಗೊಡಬೇಡಿ. ಇಎಂಡಿ (ಟೆಂಡರ್ ಜೊತೆ ಕಟ್ಟುವ ಹಣ), ಭದ್ರತಾ ಠೇವಣಿ, ಬಿಲ್ ಪಾಸಾಗುವವರೆಗಿನ ಕೂಲಿ ಎಲ್ಲ ನಿಮ್ಮ ಕೈಯಿಂದ ಹೋಗುತ್ತದೆ. ಬೇರೆಯವರ ಬಿಲ್ಲು ಎಷ್ಟು ತಿಂಗಳಿಗೆ ಪಾಸಾಗುತ್ತದೆ ಅಂತ ಒಳಗಿನಿಂದ ನೋಡಿದ ಮೇಲೆ ನಿರ್ಧರಿಸಿ.

ನಿವೃತ್ತಿ ಮೇ ಅಥವಾ ಜೂನಿನಲ್ಲಿ ಬಂದರೆ ಗಾಬರಿ ಬೇಡ. ಮಳೆಗಾಲದಲ್ಲಿ ಇಲ್ಲಿ ಪಾಯ, ರಸ್ತೆ ಎರಡೂ ನಿಲ್ಲುತ್ತವೆ, ಹೊಸಬರನ್ನು ತೆಗೆದುಕೊಳ್ಳುವುದೂ ಕಡಿಮೆ. ಆ ತಿಂಗಳುಗಳಲ್ಲಿ ಎಸ್‌ಆರ್ ಓದಿ, ಎಕ್ಸೆಲ್ ಕಲಿತು, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ದಸರಾ ಕಳೆದ ಕೂಡಲೇ ಪ್ರಮಾಣಪತ್ರದ ಜೊತೆ ಸೈಟ್ ಆಫೀಸುಗಳಿಗೆ ಖುದ್ದಾಗಿ ಹೋಗಿ. ಕರಡು ಪ್ರಮಾಣಪತ್ರ ಬರೆಯುವಾಗ ಯಾವ ಪ್ರಮಾಣ ಸೇರಿಸಬೇಕು ಅಂತ ಅನುಮಾನ ಬಂದರೆ, ಠಾಣೆಯ ಹೆಸರು ಬಿಟ್ಟು, ಕಟ್ಟಡದ ಬಗೆ ಮಾತ್ರ ಇಲ್ಲಿ ಕೆಳಗೆ ಬರೆಯಿರಿ. ಸಾಲುಸಾಲಾಗಿ ನೋಡಿ ಹೇಳುತ್ತೇನೆ.